ಧೋತರಕ್ಕೆ ಕತ್ತರಿ ಹಾಕುವ ಮುನ್ನ: ಹುಬ್ಬಳ್ಳಿಯ ಒಂದು ಕಲಾ ಚಿಕಿತ್ಸಾ ಪ್ರಕರಣ

ನವಲಗುಂದ ತಾಲ್ಲೂಕಿನ ಎರೆಭೂಮಿಯ ಹಳ್ಳಿಯೊಂದನ್ನು ಬಿಟ್ಟು ಹುಬ್ಬಳ್ಳಿಯಲ್ಲಿ ಮಗನ ಮನೆ ಸೇರಿದ್ದ, ಅರವತ್ತರ ಹತ್ತಿರದ ತಾಯಿಯೊಬ್ಬರ ಪ್ರಕರಣ ಇದು. ಗುರುತು ಹತ್ತದಿರಲೆಂದು ಊರು, ವಯಸ್ಸು, ಮನೆಮಂದಿಯ ವಿವರ ಬದಲಿಸಿದ್ದೇನೆ. ಇದೇ ಬಗೆಯ ನೋವು ಹೊತ್ತು ಬಂದ ಬೇರೆ ತಾಯಂದಿರ ಸಂಗತಿಗಳೂ ಇದರೊಳಗೆ ಬೆರೆತಿವೆ. ಹೀಗಾಗಿ ಇದನ್ನು ಯಾರೋ ಒಬ್ಬರದೇ ಕಥೆ ಎಂದು ಓದಬಾರದು. ಅವರನ್ನು ಇಲ್ಲಿ ‘ಅವ್ವ’ ಎಂದೇ ಕರೆಯುತ್ತೇನೆ. ಕೊಠಡಿಯಲ್ಲೂ ಹಾಗೇ ಕರೆಯುತ್ತಿದ್ದೆ.

ದಪ್ಪನೆಯ ಫೈಲು

ಅವ್ವನ ಜೊತೆ ಬಂದದ್ದು ಒಂದು ದಪ್ಪ ಫೈಲು. ತಲೆಯ ಸ್ಕ್ಯಾನ್, ಇಸಿಜಿ, ಥೈರಾಯ್ಡ್, ಬಿ12, ಸಕ್ಕರೆ ಎಲ್ಲ ನೋಡಿಯಾಗಿತ್ತು, ಎಲ್ಲವೂ ಸರಿಯಿತ್ತು. ಆದರೂ ತಲೆ ಭಾರ, ಎದೆ ಬಡಬಡ ಎನ್ನುವುದು, ಬೆಳಗಿನ ಮೂರಕ್ಕೆ ಎಚ್ಚರಾದರೆ ಮತ್ತೆ ನಿದ್ದೆ ಹತ್ತದಿರುವುದು, ರೊಟ್ಟಿ ಮುರಿದು ತಾಟಿನಲ್ಲೇ ಬಿಡುವುದು ನಿಂತಿರಲಿಲ್ಲ. ಸುತ್ತಿ ಸುತ್ತಿ ಕೊನೆಗೆ ಒಬ್ಬ ಫಿಜಿಷಿಯನ್ ಮನೋವೈದ್ಯರ ಹತ್ತಿರ ಕಳಿಸಿದರು. ಮನೋವೈದ್ಯರು ಖಿನ್ನತೆ ಮತ್ತು ಆರದ ದುಃಖ ಎರಡನ್ನೂ ಗುರುತಿಸಿ, ಗುಳಿಗೆ ಶುರು ಮಾಡಿ, ಆಪ್ತಸಮಾಲೋಚನೆಗೆಂದು ನನ್ನತ್ತ ಕಳಿಸಿದರು. ಚಿತ್ರ, ಹೊಲಿಗೆಯಂಥ ಕೈಕೆಲಸದ ಮೂಲಕ ಮನಸ್ಸಿನ ನೋವಿಗೆ ದಾರಿ ಮಾಡಿಕೊಡುವ ಕಲಾ ಚಿಕಿತ್ಸೆ ನನ್ನ ಕೆಲಸ.

ಗಂಡ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಉಳ್ಳಾಗಡ್ಡಿ ಹೇರಿಕೊಂಡು ಅಮರಗೋಳದ ಎಪಿಎಂಸಿಗೆ ಹೋದವರು ಅಲ್ಲೇ ಕುಸಿದರು. ಆಸ್ಪತ್ರೆಗೆ ಒಯ್ದರು, ಮಗ ಓಡಿದ, ಸಂಬಂಧಿಕರು ಓಡಿದರು. ಅವ್ವನಿಗೆ ಮಾತ್ರ ‘ಸ್ವಲ್ಪ ಆರಾಮಿಲ್ಲ, ಬರ್ತಾರ’ ಎಂದಷ್ಟೇ ಹೇಳಿದರು. ರಾತ್ರಿ ಬಾಗಿಲಿಗೆ ಗಾಡಿ ಬಂದು ನಿಂತಾಗಲೇ ಅವರಿಗೆ ಗೊತ್ತಾದದ್ದು. ಹೆಣ್ಣುಮಕ್ಕಳ ಎದೆ ಒಡೆಯಬಾರದೆಂದು ನಮ್ಮ ಕಡೆ ಹೀಗೆ ಸುದ್ದಿ ತಡೆಹಿಡಿಯುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಕಡೆಯ ಹೊತ್ತಿನಲ್ಲಿ ಜೊತೆಗಿರುವ ಅವಕಾಶವೇ ತಪ್ಪಿಹೋದವರು ಎಷ್ಟು ಕಾಲ ಆ ಬಾಗಿಲಲ್ಲೇ ನಿಂತಿರುತ್ತಾರೆ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ದಯವಿಟ್ಟು ಹೇಳಿ ಎಂದು ಕೇಳಿಕೊಳ್ಳುತ್ತೇನೆ. ಮೆಲ್ಲಗೆ ಹೇಳಿ, ಪಕ್ಕದಲ್ಲಿ ಕೂತು ಹೇಳಿ, ಆದರೆ ಹೇಳಿ.

ಆಮೇಲೆ ಎಲ್ಲ ಬೇಗ ಬೇಗ ನಡೆಯಿತು. ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಹೋಯಿತು, ಎರಡು ಎಮ್ಮೆ ಮಾರಿದರು, ಅವ್ವ ಹುಬ್ಬಳ್ಳಿಗೆ ಬಂದರು. ಎರಡನೇ ಮಹಡಿಯ ಬಾಡಿಗೆ ಮನೆ. ಸೊಸೆ ಒಳ್ಳೆಯವಳು, ಅತ್ತೆಗೆ ಒಂದು ಕಡ್ಡಿ ಎತ್ತಿಡಲೂ ಬಿಡುತ್ತಿರಲಿಲ್ಲ. ನಸುಕಿನಲ್ಲಿ ಎದ್ದು ಸಗಣಿ ಬಾಚಿ, ಹಾಲು ಹಿಂಡಿ, ರೊಟ್ಟಿ ಬಡಿದು, ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಕೈಗಳಿಗೆ ಟಿವಿ ರಿಮೋಟ್ ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಪಿಎಚ್‌ಕ್ಯೂ-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ ಅವ್ವನ ಸ್ಥಿತಿ ಮಧ್ಯಮವನ್ನು ದಾಟಿ ತೀವ್ರದತ್ತ ವಾಲಿತ್ತು. ಬದುಕಬಾರದು ಅನ್ನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದರೆ ಭಾರ ಇಳಿಯುತ್ತದೆ. ‘ಅವರ ಹಿಂದ ನಾನೂ ಹೋಗಿದ್ರ ಚಲೋ ಆಗತಿತ್ತು ಅನಸ್ತದ್ರಿ. ಆದ್ರ ನಾ ಏನೂ ಮಾಡ್ಕೊಳ್ಳಾಕಿ ಅಲ್ಲ’ ಎಂದರು. ಇದನ್ನು ವೈದ್ಯರಿಗೆ ತಿಳಿಸಿದೆ, ಗುಳಿಗೆಗಳನ್ನು ಸೊಸೆಯ ಕೈಗೆ ಕೊಡಿಸಿದೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಮಗನ ಫೋನಿನಲ್ಲಿ ಹಾಕಿಸಿದೆ. ಇಷ್ಟಾಗದೆ ಬಣ್ಣದ ಡಬ್ಬಿ ತೆರೆಯುವ ಮಾತೇ ಇಲ್ಲ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿಯಲ್ಲಿ, ಆರು ತಿಂಗಳು ಕಳೆದರೂ ಬದುಕನ್ನೇ ಕಟ್ಟಿಹಾಕುವ ದುಃಖಕ್ಕೆ ಪ್ರತ್ಯೇಕ ಸ್ಥಾನವಿದೆ. ಅಮೆರಿಕದ ಡಿಎಸ್ಎಮ್ ಎಂಬ ಮನೋರೋಗಗಳ ಪಟ್ಟಿ ದೊಡ್ಡವರಿಗೆ ಹನ್ನೆರಡು ತಿಂಗಳ ಗಡಿ ಹಾಕುತ್ತದೆ. ಆ ದುಃಖ ಆಯಾ ಸಮಾಜದ ರೂಢಿಯನ್ನು ಮೀರಿರಬೇಕು ಎಂಬ ಮಾತೂ ಅಲ್ಲಿದೆ. ನಮ್ಮಲ್ಲಿ ವರ್ಷದ ಕಾರ್ಯ ಮುಗಿದ ಮೇಲೆ ‘ಇನ್ನ ಸಾಕು, ಮಕ್ಕಳ ಮಾರಿ ನೋಡಿ ಇರು’ ಎನ್ನುತ್ತಾರೆ. ಅವ್ವನ ಮನೆಯಲ್ಲಿ ಆ ಕಾರ್ಯ ಮುಗಿದಿತ್ತು. ಅವರಿಗೆ ತಲೆಭಾರ ಶುರುವಾದದ್ದೇ ಅದಾದ ಮೇಲೆ. ಅಳುವುದಕ್ಕೆ ಊರು ಕೊಟ್ಟ ಅವಧಿ ಮುಗಿದಿತ್ತು, ಉಳಿದ ನೋವಿಗೆ ಮೈಯೊಂದೇ ದಾರಿಯಾಯಿತು ಎಂದು ನನಗೆ ಅನ್ನಿಸುತ್ತದೆ.

ಮಾತು ಮುಂದೆ ಹೋಗಲಿಲ್ಲ. ಏನು ಕೇಳಿದರೂ ‘ಏನ್ ಹೇಳೂದೈತ್ರಿ, ಹೋದವರು ಹೋದ್ರು’ ಎಂದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ದುಃಖವನ್ನು ಮಾತಿನಲ್ಲಿ ಬಿಡಿಸಿ ಹೇಳುವ ರೂಢಿ ಎಲ್ಲರಿಗೂ ಇರುವುದಿಲ್ಲ. ಇರಬೇಕೆಂದೂ ಇಲ್ಲ.

ಬಣ್ಣ ಮುಟ್ಟದ ಕೈ

ಕಾಗದ, ಪೆನ್ಸಿಲ್, ಮೇಣದ ಬಣ್ಣ ಮುಂದಿಟ್ಟಾಗ ಅವ್ವ ನನ್ನನ್ನೊಮ್ಮೆ ನೋಡಿದರು. ‘ನಾ ಏನ್ ಅಂಗನವಾಡಿ ಹುಡುಗೀ ಏನ್ರಿ?’ ಚಿತ್ರ ಚೆಂದ ಬರಬೇಕಿಲ್ಲ, ಏನೂ ಬಾರದಿದ್ದರೂ ನಡೆಯುತ್ತದೆ ಎಂದೆ. ಬಹಳ ಹೊತ್ತು ಸುಮ್ಮನಿದ್ದು ಪೆನ್ಸಿಲ್ ತೆಗೆದುಕೊಂಡರು. ರಂಗೋಲಿಗೆ ಇಡುವಂತೆ ಸಾಲು ಸಾಲಾಗಿ ಚುಕ್ಕಿ ಇಟ್ಟರು. ಅಳತೆ ತಪ್ಪದ, ಮೂವತ್ತು ನಲವತ್ತು ವರ್ಷ ಪಳಗಿದ ಕೈಯ ಚುಕ್ಕಿಗಳು. ಗೆರೆ ಎಳೆಯಲಿಲ್ಲ. ಕಾಗದ ನನ್ನ ಕಡೆ ಸರಿಸಿದರು.

ಮುಂದಿನ ವಾರಗಳಲ್ಲಿ ಬಣ್ಣ ಕೈಗೆತ್ತಿಕೊಂಡರೂ ಬೂದಿ ಮತ್ತು ಕಂದು ಬಿಟ್ಟು ಬೇರೆ ಮುಟ್ಟಲಿಲ್ಲ. ಇಲ್ಲಿ ಎಚ್ಚರ ಬೇಕು. ಮಂಕು ಬಣ್ಣ ಕಂಡರೆ ಖಿನ್ನತೆ, ಕೆಂಪು ಕಂಡರೆ ಸಿಟ್ಟು ಎಂದು ಓದಿಬಿಡುವ ಚಟ ನಮ್ಮ ಕ್ಷೇತ್ರದಲ್ಲಿದೆ. ಕೆಂಪು ಬಣ್ಣದ ಕಡ್ಡಿ ತೋರಿಸಿ ಇದು ಬೇಡವೇ ಎಂದು ಕೇಳಿದೆ. ಅವ್ವ ಹೇಳಿದ್ದು ಇಷ್ಟೇ: ‘ನಮಗ್ಯಾಕ್ರಿ ಅದು ಈಗ?’ ಗಂಡ ಸತ್ತ ಮೇಲೆ ಹಸಿರು ಬಳೆ ಹೋಗಿತ್ತು, ಕುಂಕುಮ ಹೋಗಿತ್ತು, ಬಾಗಿಲ ಮುಂದಿನ ರಂಗೋಲಿ ಸೊಸೆಯ ಪಾಲಾಗಿತ್ತು. ಕಾಗದದ ಮೇಲೆ ಕೆಂಪು ಬಾರದಿದ್ದುದು ಅವರ ಮನಸ್ಸಿನ ಲಕ್ಷಣವಲ್ಲ, ಅವರ ಮೇಲೆ ಊರು ಹೇರಿದ ಕಟ್ಟಳೆ. ಇದನ್ನು ತಿಳಿಯದೆ ಆ ಕಾಗದಕ್ಕೆ ಅರ್ಥ ಹಚ್ಚಿದ್ದರೆ ಅವ್ವನಿಗೆ ಅನ್ಯಾಯವಾಗುತ್ತಿತ್ತು.

ಕಲಾ ಚಿಕಿತ್ಸೆಗೆ ಆ ಹೆಸರಿಟ್ಟವರು ಬ್ರಿಟನ್ನಿನ ಚಿತ್ರಕಾರ ಏಡ್ರಿಯನ್ ಹಿಲ್. ಕ್ಷಯರೋಗಕ್ಕೆ ಸ್ಯಾನಟೋರಿಯಂ ಸೇರಿದ್ದಾಗ ಹಾಸಿಗೆಯ ಮೇಲೆ ಕೂತು ಚಿತ್ರ ಬರೆಯುತ್ತ, ಅದರಿಂದ ತಮಗಾದ ಉಪಕಾರ ಕಂಡು ಉಳಿದ ರೋಗಿಗಳಿಗೂ ಹಚ್ಚಿಕೊಟ್ಟರು. ಆ ಹೆಸರು ಬಂದದ್ದು 1942ರಲ್ಲಿ. ಅಮೆರಿಕದಲ್ಲಿ ಇಬ್ಬರು ಹೆಣ್ಣುಮಕ್ಕಳು ಇದಕ್ಕೆ ಎರಡು ದಾರಿ ಹಾಕಿದರು. ಮಾರ್ಗರೆಟ್ ನೌಮ್‌ಬರ್ಗ್ ಚಿತ್ರವನ್ನು ಒಳಮನಸ್ಸು ಆಡುವ ಮಾತೆಂದು ಹಿಡಿದು, ಅದರ ಸುತ್ತ ಸಂಭಾಷಣೆ ಬೆಳೆಸಿದರು. ಈಡಿತ್ ಕ್ರೇಮರ್ ಮಾಡುವ ಕೆಲಸದಲ್ಲೇ ಗುಣವಿದೆ, ಎಲ್ಲವನ್ನೂ ಬಿಡಿಸಿ ಹೇಳಬೇಕಿಲ್ಲ ಎಂದರು. ಅವ್ವನ ವಿಷಯದಲ್ಲಿ ನಾನು ಹಿಡಿದದ್ದು ಕ್ರೇಮರ್ ದಾರಿ. 1978ರಲ್ಲಿ ಕಲಾ ಚಿಕಿತ್ಸಕರಾದ ಕೇಗಿನ್ ಮತ್ತು ಲುಸೆಬ್ರಿಂಕ್ ಹಾಕಿಕೊಟ್ಟ ಚೌಕಟ್ಟೂ ನೆರವಾಯಿತು. ಮೈಯ ಚಲನೆ ಮತ್ತು ಸ್ಪರ್ಶ ಕೆಳಗಿನ ಮೆಟ್ಟಿಲು, ಆಕಾರ ಮತ್ತು ಭಾವ ನಡುವಿನದು, ಅರ್ಥ ಮತ್ತು ಸಂಕೇತ ಮೇಲಿನದು ಎಂದು ಅದು ಹೇಳುತ್ತದೆ. ಬದುಕೆಲ್ಲ ಕೈಯಿಂದಲೇ ದುಡಿದವರನ್ನು ಮೇಲಿನ ಮೆಟ್ಟಿಲಿಗೆ ಎಳೆಯುವುದಕ್ಕಿಂತ ಅವರಿರುವ ಮೆಟ್ಟಿಲಿಗೆ ನಾವು ಇಳಿಯುವುದು ಮೇಲು.

ಗಂಟಿನೊಳಗಿನ ಬಟ್ಟೆ

ಹೊಲದ ಕೆಲಸ ಇಲ್ಲದ ಬ್ಯಾಸಗಿಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ ಅವ್ವನ ಮುಖ ಮೊದಲ ಸಲ ಸಡಿಲವಾಯಿತು. ‘ಕೌದಿ ಹೊಲೀತಿದ್ವಿ. ಓಣ್ಯಾಗಿನ ಹೆಣ್ಮಕ್ಕಳೆಲ್ಲಾ ಕಟ್ಟಿ ಮ್ಯಾಲ ಕುಂತು.’ ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಹೊದಿಕೆಯೇ ಕೌದಿ. ಬರುವ ವಾರ ಮನೆಯಲ್ಲಿರುವ ಹಳೆ ಬಟ್ಟೆ ತನ್ನಿ ಎಂದೆ.

ತಂದರು. ಹಳೆಯ ಸೀರೆಗಳು, ಮೊಮ್ಮಗಳ ಸಣ್ಣದಾದ ಫ್ರಾಕು, ಮಗನ ಶಾಲೆಯ ಅಂಗಿ. ಇವನ್ನೆಲ್ಲ ಕಟ್ಟಿ ತಂದದ್ದು ಒಂದು ಧೋತರದಲ್ಲಿ. ಗಂಟು ಬಿಚ್ಚಿ ಬಟ್ಟೆಗಳನ್ನು ಹರವಿದರು. ಧೋತರವನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಪಕ್ಕ ಇಟ್ಟುಕೊಂಡರು. ಅದು ಯಾರದು ಎಂದು ಕೇಳುವ ಅಗತ್ಯವಿರಲಿಲ್ಲ. ವಾರ ವಾರವೂ ಇದೇ ನಡೆಯಿತು. ಗಂಟು ಬಿಚ್ಚುವುದು, ಧೋತರ ಮಡಚಿ ಬದಿಗಿಡುವುದು, ಉಳಿದದ್ದನ್ನು ಹೊಲಿಯುವುದು, ಏಳುವಾಗ ಮತ್ತೆ ಧೋತರದಲ್ಲೇ ಕಟ್ಟುವುದು. ನಾನು ಆ ಬಟ್ಟೆಯ ಸುದ್ದಿ ಎತ್ತಲಿಲ್ಲ.

ಕೌದಿಯ ಹೊಲಿಗೆ ಸರಳ. ಮಾಸಿದ ಸೀರೆಯ ಪದರದ ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ದಾರ ಓಡಿಸುತ್ತ ಬರುವುದು. ಸೂಜಿ ಇಳಿಯುತ್ತದೆ, ಏಳುತ್ತದೆ. ಸ್ವಲ್ಪ ಹೊತ್ತಿಗೆ ಉಸಿರೂ ಅದೇ ಓಟಕ್ಕೆ ಬರುತ್ತದೆ, ಅವ್ವನ ಭುಜ ಇಳಿಯುವುದು ನನಗೆ ಕಾಣುತ್ತಿತ್ತು. ಇನ್ನೊಂದು ಉಪಯೋಗವೂ ಇತ್ತು. ಕಣ್ಣು ಸೂಜಿಯ ಮೇಲಿದ್ದರೆ ಎದುರಿನವರ ಮುಖ ನೋಡಬೇಕಿಲ್ಲ. ಮುಖ ನೋಡಿ ಹೇಳಲಾಗದ ಮಾತು ಬಟ್ಟೆ ನೋಡುತ್ತ ಹೊರಬರುತ್ತದೆ. ಈ ತುಂಡು ಯಾವ ಜಾತ್ರೆಯಲ್ಲಿ ಕೊಂಡದ್ದು, ಆ ವರ್ಷ ಹತ್ತಿಗೆ ಎಷ್ಟು ರೇಟು ಹತ್ತಿತ್ತು, ಈ ಸೀರೆ ಉಟ್ಟಾಗ ನಾದಿನಿ ಏನಂದಳು ಎಂದು ಒಂದೊಂದಾಗಿ ಹೇಳತೊಡಗಿದರು.

ಹಾಗೆ ಹೇಳುತ್ತಲೇ ಒಂದು ದಿನ ಹಸಿರು ಇಳಕಲ್ ಸೀರೆಯೊಂದನ್ನು ತೆಗೆದರು. ಚಿಕ್ಕಿ ಪರಾಸಿನ ದಡಿ, ಕೆಂಪು ಟೋಪ್ ತೆನಿ ಸೆರಗು. ಮೈಮೇಲೆ ಹಾಕಿಕೊಳ್ಳಲಾರದ ಬಣ್ಣವದು. ಆ ಕೆಂಪು ಸೆರಗನ್ನು ಚೌಕಾಕಾರ ಕತ್ತರಿಸಿ ಕೌದಿಯ ನಡುವೆ ಇಟ್ಟು, ಕೈಯಿಂದ ಸವರಿ, ಹೊಲಿಯಲು ಕೂತರು. ಕಾಗದದ ಮೇಲೆ ಬಾರದ ಕೆಂಪು ಕೌದಿಯಲ್ಲಿ ಬಂತು. ಕೌದಿಗೆ ವಿಧವೆಯ ಕಟ್ಟಳೆ ಇಲ್ಲವಲ್ಲ. ಕಲಾ ಚಿಕಿತ್ಸೆಯ ಉಪಯೋಗವೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಚೌಕ. ಬದುಕಿನಲ್ಲಿ ಮುಚ್ಚಿದ ಬಾಗಿಲೊಂದನ್ನು, ಯಾರ ಜೊತೆಗೂ ಜಗಳಕ್ಕಿಳಿಯದೆ, ಅವ್ವ ತಮ್ಮ ಕೈಯಳತೆಯಷ್ಟು ತೆರೆದುಕೊಂಡಿದ್ದರು.

ಧೋತರದ ಸರದಿ ಬಂದದ್ದು ಅವರಾಗಿಯೇ. ತೊಡೆಯ ಪಕ್ಕದಿಂದ ಎತ್ತಿ ಮುಂದೆ ಹರವಿದರು, ಕತ್ತರಿ ಹಿಡಿದರು, ಕೆಳಗಿಟ್ಟರು. ‘ಇವತ್ತ ಬ್ಯಾಡ್ರಿ.’ ಆಗಲಿ ಎಂದೆ. ಮರುವಾರವೂ ಬೇಡವಾಯಿತು. ಈ ಹೊತ್ತಿನಲ್ಲಿ ಅವಸರ ಮಾಡದಿರುವುದೇ ಚಿಕಿತ್ಸಕರ ಕೆಲಸ. ಎಷ್ಟು ಹೊತ್ತಿಗೆ ಏನನ್ನು ಮುಟ್ಟಬೇಕೆಂಬುದು ನೋವುಂಡವರ ಕೈಯಲ್ಲೇ ಇರಬೇಕು.

ಆಮೇಲೊಂದು ದಿನ ಕತ್ತರಿ ಮುಟ್ಟಲೇ ಇಲ್ಲ. ಧೋತರದ ಅಂಚನ್ನು ಹಲ್ಲಿನಿಂದ ಸ್ವಲ್ಪ ಕಚ್ಚಿ, ಎರಡೂ ಕೈಯಿಂದ ಹಿಡಿದು ಪರ್ರನೆ ಹರಿದರು. ಹತ್ತಿ ಬಟ್ಟೆ ಎಳೆ ಹಿಡಿದು ನೆಟ್ಟಗೆ ಹರಿಯುತ್ತದೆ, ಸಪ್ಪಳವೂ ಜೋರು. ಆ ಸಪ್ಪಳದ ಬೆನ್ನಿಗೇ ಅಳು ಬಂತು. ಗಂಡ ಹೋದಾಗ ಊರ ಮುಂದೆ ಅತ್ತದ್ದಲ್ಲ, ಬೇರೆಯದೇ ಅಳು. ಅದರ ನಡುವೆ ಮಾತು ಬಂತು.

‘ಅವತ್ತ ನಸಿಕ್ನ್ಯಾಗ ಚಾ ಕೇಳಿದ್ರು. ಎಮ್ಮಿ ಇನ್ನಾ ಹಿಂಡಿಲ್ಲ, ತಡೀರಿ ಅಂದೆ. ಗಾಡಿ ಹೊಂಟೈತಿ ಅಂತ ಹಂಗ ಹೋದ್ರು. ಚಾ ಸುದ್ಧಾ ಕುಡೀದ ಹೋದ್ರು.’

ಮಗನಿಗೆ ಹೇಳಿರಲಿಲ್ಲ, ಸೊಸೆಗೆ ಹೇಳಿರಲಿಲ್ಲ, ವೈದ್ಯರಿಗೂ ಹೇಳಿರಲಿಲ್ಲ. ಬೆಳಗಿನ ಮೂರಕ್ಕೆ ಎಚ್ಚರವಾಗುತ್ತಿದ್ದುದರ ಹಿಂದೆ ಇದಿತ್ತು. ನಿನ್ನ ತಪ್ಪೇನೂ ಇಲ್ಲ ಎಂದು ನಾನು ಆಗ ಹೇಳಲಿಲ್ಲ. ಅದು ಅವರಿಗೂ ಗೊತ್ತು, ಗೊತ್ತಿದ್ದರೂ ಸಮಾಧಾನವಿರಲಿಲ್ಲ. ಬೇರೆ ದಿನಗಳ ಚಹಾದ ಬಗ್ಗೆ ಕೇಳಿದೆ. ಯಾವ ತಾಟಿನಲ್ಲಿ ಸುರುವಿಕೊಂಡು ಕುಡಿಯುತ್ತಿದ್ದರು, ಬೆಲ್ಲವೋ ಸಕ್ಕರೆಯೋ, ಮುನಿಸಿದ ದಿನ ಏನು ಮಾಡುತ್ತಿದ್ದರು. ಅವ್ವ ಹರಿದ ಪಟ್ಟಿಗಳನ್ನು ಒಂದೊಂದೇ ಮಡಚುತ್ತ ಹೇಳುತ್ತ ಹೋದರು. ಒಂದು ಮುಂಜಾನೆಯ ಪಕ್ಕ ನೂರಾರು ಮುಂಜಾನೆ ಬಂದು ಕೂತವು. ತಪ್ಪಿತಸ್ಥ ಭಾವ ಕರಗುವುದು ವಾದದಿಂದಲ್ಲ, ಹೀಗೆ.

ಮಗನ ಪ್ರಶ್ನೆ

‘ನಮ್ಮವ್ವ ಕೌದಿ ಹೊಲಿಯೂದಕ್ಕ ಫೀ ಕೊಡಬೇಕೇನ್ರಿ? ಮನ್ಯಾಗ ಹೊಲದ್ರ ಆಗೂದಿಲ್ಲೇನು?’ ಎಂದು ಮಗ ಕೇಳಿದ. ನ್ಯಾಯವಾದ ಪ್ರಶ್ನೆ, ಗಂಭೀರವಾಗಿಯೇ ಉತ್ತರಿಸಬೇಕು.

ಮನೆಯಲ್ಲಿ ಹೊಲಿದರೂ ಸಮಾಧಾನ ಸಿಗುತ್ತದೆ, ಸಿಗಲಿ. ಊರಿನ ಕಟ್ಟೆಯ ಮೇಲೆ ಓಣಿಯ ಹೆಣ್ಣುಮಕ್ಕಳು ಸೇರಿ ಹೊಲಿಯುತ್ತಿದ್ದಾಗ, ಯಾರ ಮನೆಯಲ್ಲಿ ಸಾವಾಯಿತು, ಯಾರಿಗೆ ಗಂಡನ ಕಾಟ ಎಂಬುದೆಲ್ಲ ಸೂಜಿಯ ಜೊತೆಗೇ ಬಿಚ್ಚಿಕೊಳ್ಳುತ್ತಿತ್ತು. ಆ ಕಟ್ಟೆ ಇದ್ದಿದ್ದರೆ ಅವ್ವನಿಗೆ ನನ್ನ ಅಗತ್ಯ ಬೀಳುತ್ತಿತ್ತೋ ಇಲ್ಲವೋ. ಎರಡನೇ ಮಹಡಿಯಲ್ಲಿ ಕಟ್ಟೆಯಿಲ್ಲ. ಇನ್ನೊಂದು ಮಾತು: ಕಟ್ಟೆಯ ಮೇಲೆ ಆಡಿದ್ದು ಊರಿಗೆಲ್ಲ ಹೋಗುತ್ತದೆ, ಚಹಾದ ಮಾತನ್ನು ಅವ್ವ ಅಲ್ಲಿ ಆಡುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ. ಚಿಕಿತ್ಸೆ ಎಂದು ಇಲ್ಲಿ ಸೇರಿದ್ದು ಏನೆಂದರೆ, ವಾರಕ್ಕೊಮ್ಮೆ ತಪ್ಪದ ಹೊತ್ತು, ಹೊರಗೆ ಹೋಗದ ಮಾತು, ಯಾವಾಗ ಕೇಳಬೇಕು ಯಾವಾಗ ಬಾಯಿ ಮುಚ್ಚಿಕೊಂಡಿರಬೇಕು ಎಂದು ಕಲಿತ ಒಬ್ಬರು, ಅಪಾಯದ ಸುಳಿವು ಕಂಡರೆ ವೈದ್ಯರಿಗೆ ತಿಳಿಸುವ ವ್ಯವಸ್ಥೆ. ಈಗ ವಾರಾಂತ್ಯದ ಕೋರ್ಸ್ ಮುಗಿಸಿ ಮಂಡಲ ಎಂಬ ದುಂಡನೆಯ ಚಿತ್ತಾರಕ್ಕೆ ಬಣ್ಣ ತುಂಬಿಸುವುದನ್ನೇ ಚಿಕಿತ್ಸೆ ಎಂದು ನಡೆಸುವವರೂ ಇದ್ದಾರೆ. ಬಣ್ಣ ತುಂಬುವುದು ಒಳ್ಳೆಯದೇ. ಆದರೆ ಧೋತರ ಹರಿದ ಮೇಲೆ ಬರುವ ಅಳುವಿನ ಹೊತ್ತಿಗೆ ಏನು ಮಾಡಬೇಕೆಂದು ತಿಳಿಯದವರ ಮುಂದೆ ಆ ಗಂಟು ಬಿಚ್ಚಬಾರದು. ತರಬೇತಿ ಏನು, ಯಾರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತೀರಿ ಎಂದು ಕೇಳಿ ತಿಳಿಯಲು ಮನೆಯವರು ಸಂಕೋಚಪಡಬೇಕಿಲ್ಲ. ತೀವ್ರ ತೊಂದರೆಯಿದ್ದರೆ ಮೊದಲು ಮನೋವೈದ್ಯರು. ನಮ್ಮ ಭಾಗಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರವೇ ಇದೆ.

ಪುರಾವೆಯ ಮಾತಿಗೆ ಬಂದರೆ ಇದ್ದಷ್ಟನ್ನೇ ಹೇಳಬೇಕು. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಸಂಗಡಿಗರ 2016ರ ಅಧ್ಯಯನದಲ್ಲಿ 39 ಮಂದಿ 45 ನಿಮಿಷ ಕಲೆಯಲ್ಲಿ ತೊಡಗಿದ ಮೇಲೆ, ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಚಿತ್ರ ಬರೆದು ರೂಢಿ ಇದ್ದವರಿಗೂ ಇಲ್ಲದವರಿಗೂ ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅವರು ಆರೋಗ್ಯವಂತರು, ಹೋಲಿಕೆಗೆ ಇನ್ನೊಂದು ಗುಂಪೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಕೂಡಿಸಿ ನೋಡಿ, ಕಲೆಯಿಂದ ಆರೋಗ್ಯಕ್ಕೆ ಒಳಿತಿದೆ ಎಂದಿತು. ಅವುಗಳ ಗುಣಮಟ್ಟ ಒಂದೇ ಸಮ ಇಲ್ಲ. ಅವ್ವನಂಥವರ ವಿಷಯದಲ್ಲಿ ನನಗೆ ಹೆಚ್ಚು ದಾರಿ ತೋರಿದ್ದು ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ತಂಡದ 2016ರ ಪ್ರಯೋಗ. ಆರದ ದುಃಖವಿದ್ದ 395 ಮಂದಿಯ ಮೇಲೆ ನಡೆದ ಅದರಲ್ಲಿ, ದುಃಖಕ್ಕೆಂದೇ ರೂಪಿಸಿದ ಚಿಕಿತ್ಸೆ ದುಃಖವನ್ನು ಹಗುರ ಮಾಡಿತು. ಜೊತೆಗೆ ಕೊಟ್ಟ ಸಿಟಾಲೋಪ್ರಾಮ್ ಗುಳಿಗೆ ಖಿನ್ನತೆಯನ್ನು ತಗ್ಗಿಸಿತೇ ಹೊರತು ದುಃಖದ ಮೇಲೆ ಹೆಚ್ಚಿನ ಪರಿಣಾಮ ಬೀರಲಿಲ್ಲ. ಅದು ಕಲಾ ಚಿಕಿತ್ಸೆಯ ಪ್ರಯೋಗವಲ್ಲ. ಆದರೂ ಗುಳಿಗೆಗೂ ಗುಳಿಗೆಯಾಚೆಯ ಕೆಲಸಕ್ಕೂ ಬೇರೆ ಬೇರೆ ಜಾಗವಿದೆ ಎಂಬುದು ಅದರಿಂದ ಸ್ಪಷ್ಟ. ಅವ್ವನ ನಿದ್ದೆ ಮರಳಿದ್ದರಲ್ಲಿ ಗುಳಿಗೆಯ ಪಾಲೆಷ್ಟು, ಕೌದಿಯ ಪಾಲೆಷ್ಟು ಎಂದು ಒಂದು ಪ್ರಕರಣದಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಚಹಾದ ಮಾತು ಮಾತ್ರ ಗುಳಿಗೆಯಿಂದ ಹೊರಬರುವಂಥದ್ದಾಗಿರಲಿಲ್ಲ.

ಮಹಾಲಯ ಅಮಾವಾಸ್ಯೆ ಮತ್ತು ಆಮೇಲೆ

ಮಳೆಗಾಲದ ಹೊತ್ತಿಗೆ ಅವ್ವ ಒಂದು ರೊಟ್ಟಿ ಪೂರ್ತಿ ತಿನ್ನುತ್ತಿದ್ದರು. ಬೆಳಗಿನ ಐದರವರೆಗೆ ನಿದ್ದೆ ಬರುತ್ತಿತ್ತು. ಪ್ರಶ್ನಾವಳಿಯ ಅಂಕ ಸೌಮ್ಯ ಎನ್ನುವ ಮಟ್ಟಕ್ಕೆ ಇಳಿದಿತ್ತು. ಸೊಸೆಗೆ ಹೇಳಿ ರೊಟ್ಟಿ ಬಡಿಯುವ ಕೆಲಸ ಅತ್ತೆಗೇ ಬಿಟ್ಟುಕೊಡಿಸಿದ್ದೆವು. ಇದು ಸಣ್ಣ ಬದಲಾವಣೆಯಲ್ಲ.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಬಟ್ಟೆ ಇಟ್ಟು ಎಡೆ ಮಾಡುವಾಗ ಎಲ್ಲ ಮತ್ತೆ ತಿರುಗಿ ಬಂತು. ತಲೆಭಾರ, ಎದೆಬಡಿತ, ಊಟ ಬೇಡ. ಮಗ ಗಾಬರಿಯಾಗಿ ಮತ್ತೊಂದು ಸ್ಕ್ಯಾನ್ ಮಾಡಿಸೋಣವೇ ಎಂದ. ದುಃಖ ನೆಟ್ಟಗೆ ಇಳಿಯುತ್ತ ಹೋಗುವುದಿಲ್ಲ. ಕಳಕೊಂಡದ್ದರ ಕಡೆಗೊಮ್ಮೆ, ಮುಂದಿನ ಬದುಕಿನ ಕಡೆಗೊಮ್ಮೆ ಮನಸ್ಸು ತೂಗುತ್ತಲೇ ಇರುತ್ತದೆ ಎಂದು ಸಾವಿನ ದುಃಖ ಕುರಿತ ಸಂಶೋಧಕರಾದ ಸ್ಟ್ರೋಬ್ ಮತ್ತು ಶುಟ್ 1999ರಲ್ಲೇ ವಿವರಿಸಿದ್ದಾರೆ. ವೈದ್ಯರು ಗುಳಿಗೆಯ ಪ್ರಮಾಣ ಏರಿಸದೆ ಎರಡು ವಾರ ನೋಡೋಣ ಎಂದರು. ಆ ವಾರಗಳಲ್ಲಿ ಅವ್ವ ಹೊಸದೇನೂ ಹೊಲಿಯಲಿಲ್ಲ, ಹೊಲಿದದ್ದನ್ನು ಬಿಚ್ಚಿ ಎರಡು ಸುತ್ತು ಮತ್ತೆ ಹಾಕಿದರು. ಅದನ್ನೂ ಕೆಲಸವೆಂದೇ ಬರೆದಿಟ್ಟುಕೊಂಡೆ. ನಿದ್ದೆ ಮತ್ತೆ ಹಾದಿಗೆ ಬಂತು.

ಧೋತರದ ಪಟ್ಟಿಗಳನ್ನು ಎಲ್ಲಿ ಹಾಕಬೇಕೆಂದು ಬಹಳ ಯೋಚಿಸಿ ನಾಲ್ಕೂ ಅಂಚಿಗೆ ಹಚ್ಚಿದ್ದಾರೆ. ಇನ್ನೊಂದು ಧೋತರ ಇಡಿಯಾಗಿ ಟ್ರಂಕಿನಲ್ಲಿದೆ, ಅದನ್ನು ಹರಿಯುವುದಿಲ್ಲವಂತೆ. ಬಾಗಿಲ ಮುಂದೆ ರಂಗೋಲಿ ಈಗಲೂ ಹಾಕುವುದಿಲ್ಲ. ಹಾಕಬೇಕೆಂದು ನಾನು ಹೇಳಿಲ್ಲ, ಅದು ಅವರ ಮತ್ತು ಅವರ ನೆರೆಹೊರೆಯ ನಡುವಿನ ಮಾತು. ಪೆನ್ಸಿಲ್ ಚುಕ್ಕಿಗಳ ಕಾಗದ ಅವರ ಫೈಲಿನಲ್ಲೇ ಇದೆ.

ಈಗ ಅವ್ವನದೊಂದು ಹಠವಿದೆ. ಹಿಂಗಾರಿ ಬಿತ್ತಿಗೆಯ ಹೊತ್ತಿಗೆ ಊರಿಗೆ ಹೋಗಬೇಕು, ಲಾವಣಿಗೆ ಕೊಟ್ಟ ಹೊಲದಲ್ಲಿ ಕಡಲೆ ಹೇಗೆ ಬಿತ್ತುತ್ತಾರೆ ನೋಡಬೇಕು. ಮಗನಿಗೆ ಅಂಜಿಕೆ. ಅಪ್ಪ ಹೋದದ್ದೂ ಅದೇ ದಿನಮಾನದಲ್ಲಿ, ಅಲ್ಲಿ ಹೋಗಿ ಅವ್ವ ಮತ್ತೆ ಮಲಗಿಬಿಟ್ಟರೆ? ಅಂಜಿಕೆ ಸುಳ್ಳಲ್ಲ. ಮೂವರನ್ನೂ ಕೂರಿಸಿ ಮಾತಾಡಿದೆವು. ಹದಿನೈದು ದಿನ ನಾದಿನಿಯ ಮನೆಯಲ್ಲಿ ಇರುವುದು, ಗುಳಿಗೆ ತಪ್ಪಿಸದಂತೆ ನೋಡಿಕೊಳ್ಳುವ ಹೊಣೆ ನಾದಿನಿಯದು, ದಿನಾ ಸಂಜೆ ಮೊಮ್ಮಗಳ ಜೊತೆ ಫೋನು, ಮೂರು ರಾತ್ರಿ ಸತತ ನಿದ್ದೆ ತಪ್ಪಿದರೆ ಮಗ ಹೋಗಿ ಕರೆತರುವುದು, ಬಂದ ವಾರವೇ ವೈದ್ಯರ ಭೇಟಿ. ಒಪ್ಪಿದರು. ಹೊರಡುವಾಗ ಅವ್ವ ಇನ್ನೊಂದು ಷರತ್ತು ತಾವೇ ಸೇರಿಸಿದರು: ಅಪ್ಪನನ್ನು ಕಡೆಯ ಸಲ ನೋಡಿದ್ದು ಯಾರು, ಆಸ್ಪತ್ರೆಯಲ್ಲಿ ಏನಾಯಿತು, ಎಲ್ಲವನ್ನೂ ಊರಿಗೆ ಹೋಗುವ ಬಸ್ಸಿನಲ್ಲಿ ಮಗ ತಮಗೆ ಹೇಳಬೇಕು.